ಕುವೆಂಪುನಗರದಲ್ಲಿ ಅವ್ವನ ಕೈಗೆ ಲಿಂಫ್ ಡ್ರೈನೇಜ್ ಮಾಡಿಸಿದ್ದು: 5ಕ್ಕೆ 4

ಮೊದ್ಲೇ ಹೇಳ್ಬಿಡ್ತೀನಿ, ಕ್ಲಿನಿಕ್ ಹೆಸರು ಹಾಕ್ತಿಲ್ಲ. ಹೊಗಳೋದು ಜಾಸ್ತಿ ಇದ್ರೂ ಬೈಯೋದೂ ಸ್ವಲ್ಪ ಇದೆ, ಇಬ್ರು ಹೆಣ್ಮಕ್ಳು ಸೇರ್ಕೊಂಡು ನಡೆಸ್ತಿರೋ ಚಿಕ್ಕ ಜಾಗ, ನನ್ನಿಂದ ಅವ್ರಿಗೆ ತೊಂದ್ರೆ ಬೇಡ. ಮೈಸೂರಿನ ಕುವೆಂಪುನಗರದಲ್ಲಿ ಒಂದು ಬೇಕರಿ ಮೇಲಿರೋ ಫಿಸಿಯೋಥೆರಪಿ ಸೆಂಟರ್ ಅಂತ ಇಟ್ಕೊಳ್ಳಿ. ಲಿಂಫ್ ಡ್ರೈನೇಜ್ ಅಂದ್ರೆ ಊದಿರೋ ಕೈ ಕಾಲಲ್ಲಿ ನಿಂತಿರೋ ನೀರನ್ನ ಮೆಲ್ಲಗೆ ಸವರಿ ಹರಿಸೋ ಮಸಾಜ್. ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಕೈನೋ ಕಾಲೋ ಊದ್ಕೊಂಡಿದ್ರೆ ಪೂರ್ತಿ ಓದಿ. ಉದ್ದ ಇದೆ, ನಂಗೆ ಚಿಕ್ಕದಾಗಿ ಬರಿಯೋಕೆ ಬರಲ್ಲ.

ಶುರುವಾಗಿದ್ದು ಬಳೆಯಿಂದ. ಹೋದ್ವರ್ಷ ಗೌರಿ ಹಬ್ಬಕ್ಕೆ ಪಾಂಡವಪುರದ ಹತ್ರ ನಮ್ಮೂರಿಗೆ ಹೋಗಿದ್ದೆ, ಜಗಲಿ ಮೇಲೆ ಬಳೆಗಾರ ಕೂತ್ಕೊಂಡು ಎಲ್ರಿಗೂ ತೊಡಿಸ್ತಿದ್ದ, ಅವ್ವ ಯಾವಾಗ್ಲೂ ಹಾಕೋ ಎರಡು-ಆರು ಸೈಜು ಬಲಗೈಗೆ ಸಲೀಸಾಗಿ ಹೋಯ್ತು, ಎಡಗೈಗೆ ಗೆಣ್ಣೇ ದಾಟ್ಲಿಲ್ಲ. ಸೋಪು ಹಚ್ಚಿ ಒತ್ತಿದ್ರೂ ಇಲ್ಲ. ಅವ್ವ ನಕ್ಕೊಂಡು "ದಪ್ಪ ಆಗಿವ್ನಿ ಕನಪ್ಪ" ಅಂದ್ಲು, ಬಳೆಗಾರ ಮಾತ್ರ ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿ "ಒಂದೇ ಕೈ ದಪ್ಪ ಆಯ್ತದಾ ತಾಯಿ" ಅಂದ. ಡಾಕ್ಟರ್‌ಗಳು ನೋಡ್ದೇ ಬಿಟ್ಟಿದ್ದನ್ನ ಅವ್ನು ನೋಡಿದ.

ಅವ್ವಂಗೆ ಅದಕ್ಕೆ ಎರಡು ವರ್ಷದ ಹಿಂದೆ ಎಡಗಡೆ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿತ್ತು, ಜೊತೆಗೇ ಕಂಕುಳಿಂದ 16 ಲಿಂಫ್ ಗ್ರಂಥಿ ತೆಗ್ದಿದ್ರು, ಆಮೇಲೆ ರೇಡಿಯೇಷನ್. ಡಿಸ್ಚಾರ್ಜ್ ಮಾಡೋವಾಗ ನರ್ಸಮ್ಮ "ಎಡಗೈಲಿ ಬಿಪಿ ನೋಡಿಸ್ಬೇಡಿ, ಸೂಜಿ ಚುಚ್ಚಿಸ್ಬೇಡಿ, ಭಾರ ಎತ್ಬೇಡಿ" ಅಂತ ಪಟಪಟ ಹೇಳಿ ಹೋದ್ರು. ಯಾಕೆ ಅಂತ ಅವ್ರು ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಹೀಗೆ ಗ್ರಂಥಿ ತೆಗೆಸ್ಕೊಂಡು ರೇಡಿಯೇಷನ್ನೂ ಆದೋರಿಗೆ ಕೈ ಊದೋದು ಅಪರೂಪ ಏನಲ್ವಂತೆ, ಲಿಂಫೆಡೀಮಾ ಅಂತಾರೆ, ಕೆಲವ್ರಿಗೆ ತಿಂಗಳುಗಳಲ್ಲಿ, ಕೆಲವ್ರಿಗೆ ವರ್ಷಗಳಾದ್ಮೇಲೂ ಬರುತ್ತೆ. ಇದನ್ನ ನಮಗೆ ಆವತ್ತೇ ಹೇಳಿದ್ರೆ ಬಳೆ ಬಿಗಿ ಆಗೋವರ್ಗೂ ಕಾಯ್ತಿರ್ಲಿಲ್ಲ.

ಆಮೇಲೆ ಊರಲ್ಲಿ ಒಬ್ಬೊಬ್ರದ್ದು ಒಂದೊಂದು ವೈದ್ಯ. ಉಪ್ಪು ಬಿಡಿ ಅಂದ್ರು, ಬಿಸಿ ಉಪ್ಪಿನ ಶಾಖ ಕೊಡಿ ಅಂದ್ರು (ದಯವಿಟ್ಟು ಕೊಡ್ಬೇಡಿ, ಈ ತರ ಊದಿರೋ ಕೈಗೆ ಬಿಸಿ ಶಾಖ ಒಳ್ಳೇದಲ್ಲ). ದಾಯಾದಿ ದೊಡ್ಡಪ್ಪ ಒಬ್ರು "ಆನೆಕಾಲು ಇದ್ದಂಗೆ ಆನೆಕೈ ಇರ್ಬೋದು ಕಣ್ಲಾ" ಅಂದಾಗ ನಾನು ನಕ್ಕಿದ್ದೆ. ಈಗ ಅನ್ಸುತ್ತೆ ಅವ್ರು ಪೂರ್ತಿ ತಪ್ಪೇನೂ ಹೇಳಿರ್ಲಿಲ್ಲ ಅಂತ. ಕರಾವಳಿ ಕಡೆ, ಕಲಬುರಗಿ ಕಡೆ ಇರೋ ಆನೆಕಾಲು ರೋಗದಲ್ಲಿ ಸೊಳ್ಳೆ ಕಚ್ಚಿ ಒಳಗೆ ಹೋಗೋ ದಾರದಂಥ ಹುಳ ಬಂದು ಮನೆ ಮಾಡೋದು ಲಿಂಫ್ ನಾಳಗಳಲ್ಲೇ, ಅಂದ್ರೆ ಮೈಯಲ್ಲಿ ಹೆಚ್ಚಾದ ನೀರು ಬಸಿದು ಹೋಗೋ ನಾಳಗಳು, ಅಲ್ಲಿ ಹುಳದಿಂದ ದಾರಿ ಕೆಡುತ್ತೆ, ಅವ್ವಂಗೆ ಆಪರೇಷನ್ನಿಂದ ಕೆಟ್ಟಿದೆ, ಕಟ್ಕೊಂಡಿರೋ ಚರಂಡಿ ಎರಡರಲ್ಲೂ ಒಂದೇ.

ದುಡ್ಡು ಕಳ್ಕೊಂಡಿದ್ದು ಇದಾದ್ಮೇಲೆ. ನನ್ನ ಹೆಂಡ್ತಿ ಫೋನಲ್ಲಿ ಹುಡುಕಿದಾಗ ಮೈಸೂರಲ್ಲೇ ಒಂದು ಸ್ಪಾ ಸಿಕ್ತು, 'ಲಿಂಫಾಟಿಕ್ ಡಿಟಾಕ್ಸ್ ಮಸಾಜ್' ಅಂತ ಹಾಕಿದ್ರು, ಎಸಿ ರೂಮು, ಮೇಣದ ಬತ್ತಿ, ಕೊಳಲಿನ ಮ್ಯೂಸಿಕ್ಕು, 2,800 ರೂಪಾಯಿ. ಆಪರೇಷನ್ ಆಗಿದೆಯಾ ಅಂತ ಒಂದು ಮಾತು ಕೇಳ್ಲಿಲ್ಲ. ಎಣ್ಣೆ ಹಚ್ಚಿ ಚಪಾತಿ ಹಿಟ್ಟು ನಾದ್ದಂಗೆ ನಾದಿದ್ರು. ಮಾರನೇ ದಿನ ಕೈ ಕೆಂಪಗಾಗಿ ಇನ್ನೂ ಭಾರ ಆಯ್ತು ಅಂತ ಅವ್ವ ರಾತ್ರಿಯೆಲ್ಲ ದಿಂಬಿನ ಮೇಲೆ ಕೈ ಇಟ್ಕೊಂಡು ಕೂತಿದ್ಲು. ಅದರ ಬಗ್ಗೆ ಇಷ್ಟೇ.

ಆಮೇಲೆ ಕ್ಯಾನ್ಸರ್ ಡಾಕ್ಟರ ಹತ್ರಾನೇ ವಾಪಸ್ ಹೋಗಿ, ಸ್ಕ್ಯಾನ್ ಮಾಡ್ಸಿ, ರೋಗ ತಿರ್ಗಿ ಬಂದಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಅಂತ ಖಾತ್ರಿ ಆದ್ಮೇಲೆ ಅವ್ರೇ ಲಿಂಫೆಡೀಮಾ ಟ್ರೈನಿಂಗ್ ಆಗಿರೋ ಫಿಸಿಯೋ ಹತ್ರ ಹೋಗಿ ಅಂತ ಚೀಟಿ ಬರ್ಕೊಟ್ರು. ಹಂಗೆ ಸಿಕ್ಕಿದ್ದು ಈ ಬೇಕರಿ ಮೇಲಿನ ಜಾಗ.

ಮೊದಲ್ನೇ ದಿನ ಮುಕ್ಕಾಲು ಗಂಟೆ ಕೈಗೆ ಕೈ ಹಾಕ್ಲೇ ಇಲ್ಲ, ಬರೀ ಪ್ರಶ್ನೆ. ಹಾರ್ಟ್ ತೊಂದ್ರೆ ಇದೆಯಾ, ಕಿಡ್ನಿ, ಥೈರಾಯ್ಡ್, ಕಾಲಲ್ಲಿ ಯಾವತ್ತಾದ್ರೂ ರಕ್ತ ಹೆಪ್ಪುಗಟ್ಟಿತ್ತಾ, ಈಗ ಜ್ವರ ಏನಾದ್ರೂ ಇದೆಯಾ. ಯಾಕೆ ಇಷ್ಟು ಅಂತ ಕೇಳ್ದೆ. ಹಾರ್ಟ್ ವೀಕ್ ಇರೋರಿಗೆ ಊತದ ನೀರನ್ನೆಲ್ಲ ಒಟ್ಟಿಗೆ ರಕ್ತಕ್ಕೆ ತಳ್ಳಿದ್ರೆ ಹಾರ್ಟಿಗೆ ಹೊರೆ ಆಗುತ್ತೆ, ಹೆಪ್ಪುಗಟ್ಟಿದ್ರೆ ಅದು ಕಳಚ್ಕೊಂಡು ಹೋಗ್ಬೋದು, ಅದಕ್ಕೇ ಸರ್ ಅಂದ್ರು. ಆಮೇಲೆ ಟೇಪ್ ತಗೊಂಡು ಎರಡೂ ಕೈಯ್ಯನ್ನ ಮಣಿಕಟ್ಟಿಂದ ಭುಜದವರೆಗೆ 4 ಸೆಂಟಿಮೀಟರಿಗೊಂದು ಗುರುತು ಹಾಕಿ ಅಳತೆ ಬರ್ಕೊಂಡ್ರು, ಟೈಲರ್ ಕೂಡ ಇಷ್ಟು ಅಳೆಯಲ್ಲ. ಮೊಣಕೈ ಕೆಳಗೆ ಎಡಕ್ಕೂ ಬಲಕ್ಕೂ 4 ಸೆಂಟಿಮೀಟರ್ ವ್ಯತ್ಯಾಸ ಇತ್ತು. ಬೆರಳಿನ ಬುಡದ ಚರ್ಮ ಚಿವುಟಿ ಎತ್ತೋಕೆ ನೋಡಿದ್ರು, ಬಲಗೈಲಿ ಮಡಿಕೆ ಬಂತು, ಎಡಗೈಲಿ ಬರ್ಲಿಲ್ಲ. ಮಡಿಕೆ ಬರ್ದೇ ಇದ್ರೆ ಲಿಂಫೆಡೀಮಾ ಅನ್ನೋದಕ್ಕೆ ಒಳ್ಳೆ ಗುರುತಂತೆ. ಇದನ್ನ ಮನೇಲೇ ನೋಡ್ಕೋಬೋದು, ಆದ್ರೆ ನೋಡ್ಕೊಂಡು ನೀವೇ ತೀರ್ಮಾನಕ್ಕೆ ಬರ್ಬೇಡಿ.

ಈಗ ಈ ರಿವ್ಯೂ ಬರಿಯೋಕೆ ಮುಖ್ಯ ಕಾರಣಕ್ಕೆ ಬರ್ತೀನಿ. ಅಲ್ಲಿನ ಫಿಸಿಯೋ ಹುಡುಗಿ ಅವ್ವಂಗೆ ಅರ್ಥ ಮಾಡ್ಸಿದ ರೀತಿ. ಮೊದ್ಲು ಗೋಡೆ ಮೇಲಿನ ಚಾರ್ಟ್ ತೋರ್ಸಿ "ಲಿಂಫಾಟಿಕ್ ಸಿಸ್ಟಮ್ ಅಂದ್ರೆ ಅಮ್ಮಾ..." ಅಂತ ಶುರು ಮಾಡಿದ್ರು, ಅವ್ವನ ಮುಖ ನೋಡಿದ್ರೆ ಏನೂ ಇಳೀತಿಲ್ಲ. ಹುಡುಗಿ ಅರ್ಧಕ್ಕೇ ನಿಲ್ಸಿ "ಅಮ್ಮಾ ನಿಮ್ದು ಯಾವೂರು, ಗದ್ದೆ ಇದೆಯಾ" ಅಂದ್ರು. ಅಷ್ಟೇ ಸಾಕಾಯ್ತು. ನಮ್ಮ ಗದ್ದೆ ಕೆಆರ್‌ಎಸ್ ಡ್ಯಾಮಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನಲ್ಲಿ ಬರೋದು, ಅವ್ವ ನಲವತ್ತು ವರ್ಷ ನಾಟಿ ಮಾಡಿದೋಳು.

ಹುಡುಗಿ ಹೇಳಿದ್ದು ಹಿಂಗೆ: ಕೆಆರ್‌ಎಸ್ ಇದ್ದಂಗೆ ಹಾರ್ಟು, ನಾಲೆ ಇದ್ದಂಗೆ ರಕ್ತನಾಳ. ನಾಲೆ ನೀರು ಗದ್ದೆಗೆ ಹೋಗ್ಬೇಕು ಅಲ್ವಾ ಅಮ್ಮಾ, ಹಂಗೆ ಕೂದ್ಲಿಗಿಂತ ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಮಾಂಸಖಂಡ ಚರ್ಮಕ್ಕೆಲ್ಲ ಹೋಗುತ್ತೆ, ಆಹಾರ ಕೊಡುತ್ತೆ. ದಿನಕ್ಕೆ 20 ಲೀಟರ್ ಹತ್ರ ಹಂಗೆ ಹೊರಗೆ ಬರುತ್ತೆ, ಹೆಚ್ಚು ಪಾಲು ರಕ್ತನಾಳಕ್ಕೇ ವಾಪಸ್ ಹೋಗುತ್ತೆ, 3 ಲೀಟರ್ ಅಷ್ಟು ಉಳ್ಕೊಳ್ಳುತ್ತೆ. ಆ ಉಳಿದ ನೀರು ಎಲ್ಲಿಗೆ ಹೋಗ್ಬೇಕು?

ಅವ್ವ ತಟ್ಟಂತ "ಬಸಿಗಾಲುವೆಗೆ" ಅಂದ್ಲು.

ಆ ಹುಡುಗಿ ಬೆಂಗಳೂರಲ್ಲಿ ಬೆಳೆದೋರು, ಬಸಿಗಾಲುವೆ ಅನ್ನೋ ಪದ ಅವ್ರು ಕೇಳೇ ಇರ್ಲಿಲ್ಲ! ನಾನು ವಿವರಿಸ್ದೆ, ಗದ್ದೇಲಿ ಹೆಚ್ಚಾದ ನೀರು ಬಸಿದು ಹೊರಗೆ ಹೋಗೋ ಕಾಲುವೆ, ಅದು ಹೂಳು ತುಂಬಿದ್ರೆ ಗದ್ದೆ ಜೌಗು ಹಿಡಿಯುತ್ತೆ, ಬೆಳೆ ಕೊಳೆಯುತ್ತೆ, ಮಂಡ್ಯ ಸೀಮೆಲಿ ನಾಲೆ ನೀರು ಬಂದ್ಮೇಲೆ ಜೌಗು ಹಿಡಿದು ಹಾಳಾದ ಜಮೀನು ಬೇಕಾದಷ್ಟಿವೆ ಅಂತ. ಅವ್ರು ಖುಷಿಯಾಗಿ ಡೈರೀಲಿ ಬರ್ಕೊಂಡ್ರು. ಈಗ ಬರೋ ಪೇಷಂಟುಗಳಿಗೆಲ್ಲ ಬಸಿಗಾಲುವೆ ಅಂತ್ಲೇ ಹೇಳ್ತಾರೆ, ರಾಯಲ್ಟಿ ಅವ್ವಂಗೆ ಬರ್ಬೇಕು.

ಲಿಂಫ್ ಅಂದ್ರೆ ಇಷ್ಟೇ, ಮೈಯೊಳಗಿನ ಬಸಿಗಾಲುವೆ ನೀರು. ಕನ್ನಡ ಪುಸ್ತಕದಲ್ಲಿ ದುಗ್ಧರಸ ಅಂತಾರೆ, ಸ್ಕೂಲಲ್ಲಿ ಓದಿ ಮರ್ತಿದ್ದೆ. ದುಗ್ಧ ಅಂದ್ರೆ ಹಾಲು, ಆದ್ರೆ ಈ ನೀರು ಹಾಲಿನ ತರ ಏನಿಲ್ಲ, ತಿಳಿ ಹಳದಿ. ಕರುಳಿಂದ ಬರೋದು ಮಾತ್ರ ಊಟದಲ್ಲಿ ಕೊಬ್ಬಿದ್ದಾಗ ಬೆಳ್ಳಗಿರುತ್ತೆ, ಯಾಕಂದ್ರೆ ನಾವು ತಿನ್ನೋ ತುಪ್ಪ ಎಣ್ಣೆ ನೇರ ರಕ್ತಕ್ಕೆ ಹೋಗಲ್ಲ, ಈ ನಾಳಗಳ ಮೂಲಕ ಸುತ್ತು ಹಾಕ್ಕೊಂಡು ಹೋಗುತ್ತೆ. 1622ರಲ್ಲಿ ಇಟಲಿಯ ಅಸೆಲ್ಲಿ ಅನ್ನೋ ಡಾಕ್ಟರು ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ನಾಯಿಯ ಹೊಟ್ಟೆ ಕೊಯ್ದಾಗ ಬಿಳಿ ಗೆರೆಗಳು ಕಂಡ್ವಂತೆ, ಅದನ್ನ ಹಾಲಿನ ನಾಳ ಅಂತ ಕರೆದ್ರಂತೆ. ಇದನ್ನ ನಂಗೆ ಹೇಳಿದ್ದು ನರ್ಸಿಂಗ್ ಓದ್ತಿರೋ ಅಕ್ಕನ ಮಗಳು. ಮೈಸೂರ್ ಪಾಕ್ ತಿಂದ್ಮೇಲೆ ನಮ್ಮ ಹೊಟ್ಟೇಲೂ ಅದೇ ಗೆರೆ ಇರುತ್ತೆ ಮಾವ ಅಂದ್ಲು, ಅವತ್ತಿಂದ ಒಂದು ಪೀಸು ಕಮ್ಮಿ ತಿಂತೀನಿ.

ಈ ಬಸಿಗಾಲುವೆಗೆ ಹಾರ್ಟಿನ ತರ ಪಂಪ್ ಇಲ್ಲ. ನಾಳದ ಗೋಡೆ ತಾನೇ ಸ್ವಲ್ಪ ಸ್ವಲ್ಪ ಹಿಂಡ್ಕೊಳ್ಳುತ್ತೆ, ಉಳಿದಿದ್ದು ನಾವು ಕೈ ಕಾಲು ಆಡಿಸಿದಾಗ ಮಾಂಸಖಂಡ ಒತ್ತೋದ್ರಿಂದ, ಉಸಿರು ಎಳೆದು ಬಿಡೋದ್ರಿಂದ ಮುಂದಕ್ಕೆ ಹೋಗುತ್ತೆ, ವಾಪಸ್ ಬರ್ದಂಗೆ ಒಳಗೆ ಒಂದೇ ಕಡೆ ತೆರೆಯೋ ಬಾಗಿಲುಗಳಿವೆ. ಕೊನೆಗೆ ಎಲ್ಲ ಕತ್ತಿನ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರುತ್ತೆ. ಎರಡೂ ಕಾಲು, ಹೊಟ್ಟೆ, ಎಡಗೈ, ಎಡಭಾಗದ ಎದೆ ತಲೆ ಎಲ್ಲದರದ್ದು ಎಡಗಡೆ ಬಂದು ಬೀಳುತ್ತೆ, ಬಲಗೈ ಮತ್ತೆ ಬಲಭಾಗದ ತಲೆ ಎದೆಯದ್ದು ಮಾತ್ರ ಬಲಗಡೆ. ಅಂದ್ರೆ ಮೈಯಲ್ಲಿ ಮುಕ್ಕಾಲು ಪಾಲು ಬಸಿನೀರು ಒಂದೇ ತೂಬಿಗೆ! ಈ ಇಂಜಿನಿಯರಿಂಗ್ ಯಾವ ವಿಶ್ವೇಶ್ವರಯ್ಯ ಮಾಡಿದ್ದೋ.

ಮಸಾಜ್ ಅಂದ್ರೆ ಏನು ಅಂತ ಆಗ ಅರ್ಥ ಆಯ್ತು. ಕೈ ಊದಿದೆ, ಆದ್ರೆ ಅವ್ರು ಮೊದ್ಲು ಮುಟ್ಟಿದ್ದು ಕತ್ತು. ಆಮೇಲೆ ಬಲಗಡೆ ಕಂಕುಳು, ಎದೆ ಮೇಲಿಂದ ಆ ಕಡೆಗೆ, ಎಡಗಡೆ ತೊಡೆಸಂದಿ, ಆಮೇಲೆ ಭುಜ, ಕಟ್ಟಕಡೆಗೆ ಮುಂಗೈ. ಕೆಳಗಡೆ ಹೂಳು ತೆಗೀದೆ ಮೇಲಿಂದ ನೀರು ತಳ್ಳಿದ್ರೆ ಎಲ್ಲಿಗೆ ಹೋಗುತ್ತೆ ಅಮ್ಮಾ, ನಿಮ್ಮ ಎಡ ಕಂಕುಳ ತೂಬು ಕೆಟ್ಟಿದೆ, ಅದಕ್ಕೆ ಪಕ್ಕದ ಕಾಲುವೆಗೆ ತಿರುಗಿಸ್ತಿದ್ದೀವಿ ಅಂದ್ರು. ಮತ್ತೆ ಒತ್ತಡ ಅಂತೀರಾ, ಒತ್ತಡವೇ ಇಲ್ಲ. ಎಣ್ಣೆ ಇಲ್ಲ, ಚರ್ಮವನ್ನ ಮೆಲ್ಲಗೆ ಸರಿಸೋದು ಬಿಡೋದು, ಮಗು ಕೆನ್ನೆ ಸವರಿದಂಗೆ. ಈ ನಾಳಗಳು ಶುರುವಾಗೋದು ಚರ್ಮದ ಕೆಳಗೇ, ಜೋರಾಗಿ ಒತ್ತಿದ್ರೆ ರಕ್ತ ಜಾಸ್ತಿ ನುಗ್ಗಿ ಇನ್ನಷ್ಟು ನೀರು ಜಿನುಗುತ್ತೆ. ಸ್ಪಾದಲ್ಲಿ ಆಗಿದ್ದು ಅದೇ.

ಅವ್ವಂಗೆ ಮೊದಲ್ನೇ ದಿನ ಸಮಾಧಾನ ಆಗ್ಲಿಲ್ಲ. ಮೆಟ್ಲು ಇಳೀತಾ ನನ್ನ ಕಿವೀಲಿ "ಸುಮ್ಕೆ ಸವರ್ತಾಳೆ ಕನ್ ಮಗ, ಒತ್ತಾಕಿಲ್ಲ ಏನಿಲ್ಲ, ಇದ್ಕೆ ಏಳ್ನೂರು ರೂಪಾಯಾ? ನಮ್ಮೂರ್ ಹಸ ಮೈ ಸವರೋಕೆ ಯಾರ್ಗೂ ದುಡ್ ಕೊಡಾಕಿಲ್ಲ" ಅಂದ್ಲು. ಆ ಹುಡುಗಿಗೂ ಕೇಳಿಸ್ತು ಅನ್ಸುತ್ತೆ, ಮಾರನೇ ದಿನ ನಗ್ತಾ "ಅಮ್ಮಾ ನಿಜ ಹೇಳ್ಬೇಕು ಅಂದ್ರೆ ಸವರೋದಕ್ಕಿಂತ ಕಟ್ಟೋದೇ ಜಾಸ್ತಿ ಕೆಲ್ಸ ಮಾಡೋದು" ಅಂದ್ರು. ಇದು ನಂಗೆ ತುಂಬ ಇಷ್ಟ ಆಯ್ತು, ತಾನು ಮಾರ್ತಿರೋ ಸಾಮಾನಿನ ಬಗ್ಗೆ ಇಷ್ಟು ನೇರ ಮಾತಾಡೋರು ಎಲ್ಲಿ ಸಿಕ್ತಾರೆ.

ಕಟ್ಟೋದು ಅಂದ್ರೆ ಬ್ಯಾಂಡೇಜು. ಮೆಡಿಕಲ್ ಸ್ಟೋರಲ್ಲಿ ಉಳುಕಿಗೆ ಕೊಡೋ ಕ್ರೇಪ್ ಬ್ಯಾಂಡೇಜ್ ಅಲ್ಲ, ಅದು ರಬ್ಬರಿನ ತರ ಎಳೆಯುತ್ತೆ. ಇದು ಕಮ್ಮಿ ಎಳೆಯೋದು, ಶಾರ್ಟ್ ಸ್ಟ್ರೆಚ್ ಅಂತಾರೆ. ಮೊದ್ಲು ಮಾಯಿಶ್ಚರೈಸರ್, ಆಮೇಲೆ ಹತ್ತಿಬಟ್ಟೆ ಕೊಳವೆ, ಬೆರಳಿಗೆಲ್ಲ ಸಣ್ಣ ಪಟ್ಟಿ, ಮೇಲೆ ಮೆತ್ತನೆ ಪ್ಯಾಡಿಂಗ್, ಅದರ ಮೇಲೆ ಮೂರು ಸುತ್ತು ಬ್ಯಾಂಡೇಜು, ಕೆಳಗಡೆ ಬಿಗಿ ಮೇಲಕ್ಕೆ ಹೋಗ್ತಾ ಸಡಿಲ. ಸುಮ್ನೆ ಕೂತಾಗ ಅದು ಅಷ್ಟು ಒತ್ತಲ್ಲ, ಕೈ ಆಡಿಸಿದ್ರೆ ಮಾಂಸ ಉಬ್ಬಿ ಗಟ್ಟಿ ಬಟ್ಟೆಗೆ ಒತ್ಕೊಂಡು ಮಧ್ಯ ಸಿಕ್ಕಿರೋ ನೀರು ಮೇಲಕ್ಕೆ ಹಿಂಡುತ್ತೆ. ಅದಕ್ಕೇ ಬ್ಯಾಂಡೇಜ್ ಕಟ್ಕೊಂಡು ವ್ಯಾಯಾಮ ಮಾಡ್ಬೇಕು. ಅವ್ವ ನಮ್ಮನೇಲಿ ಆ ಕೈಲೇ ಚಪಾತಿ ಲಟ್ಟಿಸಿದ್ಲು, ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೈ ಮುಷ್ಟಿ ಮಾಡ್ತಾ ಬಿಡ್ತಾ ನಡೆದ್ಲು, ವಾಕಿಂಗ್ ಬಂದೋರೆಲ್ಲ ಬಾಕ್ಸಿಂಗ್ ಗ್ಲೌಸ್ ಅನ್ಕೊಂಡು ನೋಡೋರು. ಭಾನುವಾರ ಬಿಟ್ಟು ದಿನಾ, ಮಧ್ಯ ನಿಂತಿದ್ದ ದಿನಗಳನ್ನ ಬಿಟ್ರೆ ಮೂರು ವಾರ. ಮೂರನೇ ವಾರಕ್ಕೆ 4 ಸೆಂಟಿಮೀಟರ್ ಇದ್ದ ವ್ಯತ್ಯಾಸ ಒಂದೂವರೆಗೆ ಇಳೀತು.

ಮಧ್ಯದಲ್ಲಿ ಒಂದು ಗಾಬರಿ ಆಯ್ತು. ಎರಡನೇ ವಾರ, ಬ್ಯಾಂಡೇಜ್ ಬಿಚ್ಚಿ ಸ್ನಾನ ಮಾಡಿ ಬಂದ ಅವ್ವ ಸುಮ್ನಿರ್ದೆ ಈಳಿಗೆ ಮಣೆ ಹಾಕ್ಕೊಂಡು ಬದ್ನೆಕಾಯಿ ಹೆಚ್ಚೋಕೆ ಕೂತು ಎಡಗೈ ಬೆರಳಿಗೆ ಸಣ್ಣಗೆ ಗೀರ್ಕೊಂಡ್ಲು, ಅರಿಶಿನ ಹಾಕಿ ಸುಮ್ನಾದ್ಲು, ಯಾರಿಗೂ ಹೇಳಿಲ್ಲ. ಮಾರನೇ ದಿನ ಮಧ್ಯಾಹ್ನಕ್ಕೆ ಕೈ ಮೊಣಕೈವರೆಗೂ ಕೆಂಪಗೆ, ಮುಟ್ಟಿದ್ರೆ ಸುಡ್ತಿತ್ತು, ಚಳಿ ಜ್ವರ. ನಾವು ಸೆಷನ್‌ಗೆ ಟೈಮ್ ಆಯ್ತು ಅಂತ ಹಂಗೇ ಕರ್ಕೊಂಡು ಹೋದ್ವಿ, ನಾನೂ ಪೆದ್ದ. ಆ ಹುಡುಗಿ ಒಂದು ಸಲ ನೋಡಿದ್ರು ಅಷ್ಟೇ, ಇವತ್ತು ಮಸಾಜೂ ಇಲ್ಲ ಬ್ಯಾಂಡೇಜೂ ಇಲ್ಲ, ಸೀದಾ ಡಾಕ್ಟರ ಹತ್ರ ಹೋಗಿ, ಈಗ್ಲೇ, ನಾಳೆ ಅಂದ್ರೆ ಆಗಲ್ಲ ಅಂದ್ರು. ಆ ದಿನದ ದುಡ್ಡು ಈಸ್ಕೊಳ್ಳಿಲ್ಲ, ಆಟೋನೂ ಅವ್ರೇ ನಿಲ್ಸಿಕೊಟ್ರು. ಸೆಲ್ಯುಲೈಟಿಸ್ ಅಂತೆ, ಚರ್ಮದ ಕೆಳಗಿನ ಸೋಂಕು. ಎರಡು ದಿನ ಅಡ್ಮಿಟ್ ಆಗಿ ಆಂಟಿಬಯೋಟಿಕ್ ಡ್ರಿಪ್, ಬಲಗೈಗೆ, ಆಮೇಲೆ ಮಾತ್ರೆ. ಪೂರ್ತಿ ವಾಸಿ ಆದ್ಮೇಲೇ ಮತ್ತೆ ಸೆಷನ್ ಶುರು ಮಾಡಿದ್ರು.

ಒಂದು ಗೀರಿಗೆ ಇಷ್ಟಾ ಅಂತ ನಾನು ಕೇಳ್ದೆ. ನನ್ನ ಕೈಗೆ ದಿನಾ ಗೀರುತ್ತೆ, ಏನಾಗಲ್ಲ. ಆಸ್ಪತ್ರೇಲಿ ಕೂತಿರೋವಾಗ ಅಕ್ಕನ ಮಗಳು ಇದನ್ನೂ ಬಿಡ್ಸಿ ಹೇಳಿದ್ಲು. ಬಸಿಗಾಲುವೆ ಬರೀ ಚರಂಡಿ ಅಲ್ವಂತೆ, ಮೈಯ ಪೋಲೀಸ್ ವ್ಯವಸ್ಥೆ ಓಡಾಡೋದೂ ಅದೇ ದಾರೀಲಿ. ಚರ್ಮದ ಒಳಗೆ ಡೆಂಡ್ರಿಟಿಕ್ ಸೆಲ್ ಅಂತ ಇರ್ತವೆ, ಹಳೇ ಕಾಲದ ತಳವಾರ ಇದ್ದಂಗೆ. ಗೀರಿದ ಜಾಗದಿಂದ ಬ್ಯಾಕ್ಟೀರಿಯಾ ಒಳಗೆ ಬಂದ್ರೆ ಇವು ಅದನ್ನ ನುಂಗಿ, ಅದರ ಒಂದು ಚೂರು ಮೈಮೇಲೆ ಅಂಟಿಸ್ಕೊಂಡು, ಬಸಿಗಾಲುವೆ ಹಿಡ್ಕೊಂಡು ಹತ್ರದ ಗ್ರಂಥಿಗೆ ಹೋಗ್ತವೆ. ಗ್ರಂಥಿ ಅಂದ್ರೆ ಹುರಳಿಕಾಳಿಂದ ಹಿಡಿದು ಅವರೆಕಾಳಿನಷ್ಟು ದಪ್ಪ, ಮೈಯಲ್ಲಿ 600ರ ಹತ್ರ ಇರ್ತವೆ, ಕತ್ತು ಕಂಕುಳು ತೊಡೆಸಂದಿ ಹೊಟ್ಟೆ ಒಳಗೆಲ್ಲ ಗುಂಪು ಗುಂಪಾಗಿ. ಒಳಗೆ ಟಿ ಸೆಲ್, ಬಿ ಸೆಲ್ ಅಂತ ಕಾವಲುಗಾರರು ಕಿಕ್ಕಿರಿದು ಕೂತಿರ್ತಾರೆ, ಪಂಚಾಯ್ತಿ ಕಟ್ಟೆ ಅನ್ಕೊಳ್ಳಿ. ತಳವಾರ ಹೋಗಿ ಆ ಚೂರನ್ನ ಒಬ್ಬೊಬ್ರಿಗೂ ತೋರಿಸ್ತಾನೆ, ಇವ್ನ ಗುರುತು ಯಾರಿಗಿದೆ ಯಾರಿಗಿದೆ ಅಂತ. ಪ್ರತಿಯೊಬ್ಬ ಟಿ ಸೆಲ್ಲಿಗೂ ಒಂದೊಂದೇ ಮುಖ ಗುರುತು ಹಿಡಿಯೋಕೆ ಬರೋದು, ಹಾಗಾಗಿ ಸರಿಯಾದೋನು ಸಿಗೋಕೆ ಟೈಮ್ ಹಿಡಿಯುತ್ತೆ. ಸಿಕ್ಕಿದ ತಕ್ಷಣ ಅವ್ನು ಒಬ್ಬ ಸಾವಿರ ಆಗ್ತಾನೆ, ಬಿ ಸೆಲ್‌ಗಳಿಗೆ ಹೇಳ್ತಾನೆ, ಅವು ಆಂಟಿಬಾಡಿ ತಯಾರು ಮಾಡಿ ಹೊರಗೆ ಬಿಡ್ತವೆ. ಮೊದಲ್ನೇ ಸಲ ಇದಕ್ಕೆಲ್ಲ ಒಂದು ವಾರದ ಹತ್ರ ಆಗುತ್ತೆ, ಅದೇ ಶತ್ರು ಮತ್ತೆ ಬಂದ್ರೆ ನೆನಪಿಟ್ಕೊಂಡಿರೋ ಸೆಲ್‌ಗಳು ಇರೋದ್ರಿಂದ ಬೇಗ ಮುಗೀತದೆ. ಲಸಿಕೆ ಮಾಡೋದೂ ಇಷ್ಟೇ, ಶತ್ರು ಬರೋಕ್ಕೆ ಮುಂಚೆ ಅವ್ನ ಫೋಟೋ ಪಂಚಾಯ್ತಿಗೆ ತೋರ್ಸೋದು. ಕೋವಿಡ್ ಲಸಿಕೆ ಹಾಕಿಸ್ಕೊಂಡಾಗ ಕೆಲವ್ರಿಗೆ ಅದೇ ಕೈ ಕಂಕುಳಲ್ಲಿ ಗಂಟು ಆಗಿತ್ತಲ್ಲ, ಅದು ಪಂಚಾಯ್ತಿ ಸೇರಿದ ಗದ್ದಲ.

ಚಿಕ್ಕೋರಿದ್ದಾಗ ಕಾಲಿಗೆ ಜಾಲಿ ಮುಳ್ಳು ಚುಚ್ಚಿ ಕೀವಾದ್ರೆ ತೊಡೆಸಂದೀಲಿ ಗಂಟು ಕಟ್ಟಿ ನಡೆಯೋಕಾಗ್ತಿರ್ಲಿಲ್ಲ, ಅಜ್ಜಿ ಅದಕ್ಕೂ ದೃಷ್ಟಿ ತೆಗೀತಿತ್ತು. ಗಂಟು ರೋಗ ಅಲ್ಲ, ಮುಳ್ಳಿನ ಕೇಸು ಅಲ್ಲಿ ವಿಚಾರಣೆ ನಡೀತಿದೆ ಅಂತ ಅರ್ಥ, ಗಾಯ ವಾಸಿ ಆದ್ರೆ ಗಂಟೂ ಇಳಿಯುತ್ತೆ. (ಗಾಯ ಜ್ವರ ಏನೂ ಇಲ್ದೆ ಗಟ್ಟಿ ಗಂಟು ಬಂದು ವಾರಗಟ್ಲೆ ಇಳೀದಿದ್ರೆ ಮಾತ್ರ ತೋರ್ಸಿ, ಅದು ಟಿಬಿನೋ ಇನ್ನೇನೋ ಇರ್ಬೋದು.)

ಅವ್ವನ ಎಡ ಕಂಕುಳಲ್ಲಿ ಆ ಕಟ್ಟೆಗಳನ್ನೇ ತೆಗ್ದಿದ್ದಾರೆ. ತಳವಾರ ಸುದ್ದಿ ಹಿಡ್ಕೊಂಡು ಹೊರಟ್ರೆ ದಾರಿ ಇಲ್ಲ, ನೀರು ನಿಂತಿದೆ, ನಿಂತ ನೀರಲ್ಲಿ ಪ್ರೋಟೀನ್ ಬೇರೆ ತುಂಬಿದೆ, ಜೌಗು ಗದ್ದೇಲಿ ಕಳೆ ಬೆಳೆದಂಗೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಒಂದು ಸಲ ಸೋಂಕಾದ್ರೆ ಉಳಿದ ಸಣ್ಣಪುಟ್ಟ ನಾಳಗಳೂ ಕೆಡ್ತವೆ, ಊತ ಜಾಸ್ತಿ ಆಗುತ್ತೆ, ಊತ ಜಾಸ್ತಿ ಆದ್ರೆ ಮತ್ತೆ ಸೋಂಕು. ನರ್ಸಮ್ಮ ಪಟಪಟ ಹೇಳಿದ್ದ "ಸೂಜಿ ಚುಚ್ಚಿಸ್ಬೇಡಿ"ಗೆ ಹಿಂದಿನ ಕಾರಣ ಇದು. ಕಾರಣ ಗೊತ್ತಿದ್ದಿದ್ರೆ ಅವ್ವ ಈಳಿಗೆ ಮಣೆ ಮುಟ್ತಿರ್ಲಿಲ್ಲ ಅಂತ ಹೇಳೋಕೆ ಆಗಲ್ಲ, ಆದ್ರೆ ಗೀರಿದ ತಕ್ಷಣ ಹೇಳಿರೋಳು.

ಬೈಯೋದಕ್ಕೆ ಬರ್ತೀನಿ. ಮೊದಲ್ನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಲು ಕಿರಿದು, ಬರೋರಲ್ಲಿ ಅರ್ಧ ಜನ ಕಾಲು ಊದಿರೋರು! ಒಬ್ರು ಅಜ್ಜಿ ಕಾಲು ಎತ್ತಿಡೋಕಾಗ್ದೆ ಬೇಕರಿ ಬೆಂಚ್ ಮೇಲೆ ಕೂತು ಅಳ್ತಿದ್ರು, ಕೊನೆಗೆ ಬೇಕರಿ ಹುಡುಗರು ಕುರ್ಚಿ ಸಮೇತ ಎತ್ಕೊಂಡು ಹೋದ್ರು. ಪಾರ್ಕಿಂಗ್ ಇಲ್ಲ. ಹನ್ನೊಂದು ಗಂಟೆ ಅಂದ್ರೆ ಹನ್ನೊಂದೂ ಮುಕ್ಕಾಲು. ರಿಸೆಪ್ಷನ್ ಹುಡುಗ ಮೊದಲ್ನೇ ದಿನವೇ 30 ಸೆಷನ್ ಪ್ಯಾಕೇಜ್ ತಗೊಳ್ಳಿ ಡಿಸ್ಕೌಂಟ್ ಇದೆ ಅಂತ ಬೆನ್ನು ಹತ್ತಿದ, ತಗೋಬೇಡಿ, ನಮಗೆ 18 ಸಾಕಾಯ್ತು. ಸ್ಲೀವ್ ಅಂತ ಆಮೇಲೆ ಹಗಲೆಲ್ಲ ಹಾಕ್ಕೊಳ್ಳೋ ಬಿಗಿ ತೋಳು ಬರುತ್ತೆ, ಊತ ಇಳಿದ್ಮೇಲೆ ಅಳತೆ ತಗೊಂಡು ತರಿಸ್ಬೇಕು, ಇವ್ರು ಒಂದು ಸೈಜ್ ತಪ್ಪು ತರ್ಸಿ ಬದಲಾಯಿಸೋಕೆ ಎರಡೂವರೆ ವಾರ ತಗೊಂಡ್ರು, ಅಷ್ಟು ದಿನ ಅವ್ವ ಬ್ಯಾಂಡೇಜಲ್ಲೇ ಇದ್ಲು, ಏಪ್ರಿಲ್ ಬಿಸಿಲಲ್ಲಿ. ಆ ಸ್ಲೀವ್ ಆರು ತಿಂಗಳಿಗೊಂದು ಹೊಸದು ಬೇಕು, ಎಲಾಸ್ಟಿಕ್ ಸಡಿಲ ಆಗುತ್ತೆ, ಈ ಖರ್ಚು ಮೊದ್ಲೇ ಲೆಕ್ಕಕ್ಕಿಟ್ಕೊಳ್ಳಿ. ಯಾಕಂದ್ರೆ ಇದು ವಾಸಿ ಆಗೋ ಕಾಯಿಲೆ ಅಲ್ಲ, ಹಿಡಿತದಲ್ಲಿಟ್ಕೊಳ್ಳೋದು ಅಷ್ಟೇ. ಇದನ್ನ ಅವ್ರು ಮೊದಲ್ನೇ ದಿನವೇ ಮುಚ್ಚುಮರೆ ಇಲ್ದೆ ಹೇಳಿದ್ರು.

ಇನ್ನೊಂದು, ಹೊರಗಡೆ ಬೋರ್ಡಲ್ಲಿ 'ದೇಹದ ವಿಷ ಹೊರಹಾಕುತ್ತದೆ, ಇಮ್ಯೂನಿಟಿ ಹೆಚ್ಚಿಸುತ್ತದೆ' ಅಂತ ದೊಡ್ಡದಾಗಿ ಬರ್ಸಿದ್ದಾರೆ. ಒಳಗೆ ಇಷ್ಟು ಸರಿಯಾಗಿ ಮಾತಾಡೋರು ಹೊರಗೆ ಇದನ್ನ ಯಾಕೆ ಹಾಕಿದ್ರಿ ಅಂತ ಕೇಳೇಬಿಟ್ಟೆ. ಆ ಹುಡುಗಿ ನಾಚ್ಕೊಂಡು "ಬೋರ್ಡ್ ಮಾಡೋರು ಎಲ್ರೂ ಹಾಕಿಸ್ತಾರೆ ಮೇಡಂ ಅಂತ ಹಾಕ್ಬಿಟ್ರು ಸರ್" ಅಂದ್ರು. ಆರೋಗ್ಯವಾಗಿರೋರಿಗೆ ಈ ಮಸಾಜ್ ಬೇಕಾಗಿಲ್ಲ, ನಡೆದ್ರೆ ಉಸಿರಾಡಿದ್ರೆ ಬಸಿಗಾಲುವೆ ತಾನೇ ಹರಿಯುತ್ತೆ, ವಿಷ ತೆಗೆಯೋಕೆ ಲಿವರ್ ಕಿಡ್ನಿ ಇವೆ ಅಂತ ಅವ್ರೇ ಒಪ್ಕೊಂಡ್ರು. ಬೋರ್ಡ್ ಮಾತ್ರ ಇನ್ನೂ ಹಂಗೇ ಇದೆ. ಅರ್ಧ ಸ್ಟಾರ್ ಅದಕ್ಕೆ ಕಟ್, ಇನ್ನರ್ಧ ಮೆಟ್ಲಿಗೆ.

ಅವ್ವ ಈಗ ಊರಲ್ಲಿದ್ದಾಳೆ. ರಾತ್ರಿ ಬ್ಯಾಂಡೇಜ್ ಅಪ್ಪ ಕಟ್ತಾರೆ, ಕ್ಲಿನಿಕ್ಕಲ್ಲಿ ಅವ್ರಿಗೂ ಎರಡು ದಿನ ಕೂರ್ಸಿ ಕಲಿಸಿದ್ರು, ಕಬ್ಬಿನ ಕಂತೆ ಕಟ್ಟಿದಂಗೆ ಬಿಗೀಬೇಡಿ ಯಜಮಾನ್ರೇ ಅಂತ ಹತ್ತು ಸಲ ಹೇಳ್ಬೇಕಾಯ್ತು. ಮೂರು ತಿಂಗಳಿಗೊಂದು ಸಲ ಅಳತೆಗೆ ಮೈಸೂರಿಗೆ ಬರ್ತಾಳೆ.

ಹೋದ ತಿಂಗಳು ಬಂದಾಗ ಬಳೆ ಜಗಳ ಮತ್ತೆ ಎದ್ದಿತ್ತು. ಗಾಜಿನ ಬಳೆ ಒಡೆದ್ರೆ ಗೀರುತ್ತೆ, ಎಡಗೈಗೆ ಬೇಡ ಅಂತ ಹುಡುಗಿ, ಮುತ್ತೈದೆ ಬರಿಗೈಲಿ ಇರಾಕಾಯ್ತದಾ ಕನವ್ವ ಅಂತ ಅವ್ವ. ಕೊನೆಗೆ ರಾಜಿ ಆಗಿ ಸೀದಾ ದೇವರಾಜ ಮಾರ್ಕೆಟ್‌ಗೆ ಹೋದ್ವಿ. ಬಲಗೈಗೆ ಹಸಿರು ಗಾಜಿನ ಬಳೆ ಎರಡು-ಆರು ಒಂದು ಡಜನ್, ಎಡಗೈಗೆ ಎರಡು-ಹತ್ತು ಸೈಜಿನ ಸಡಿಲ ಲೋಹದ ಬಳೆ ಎರಡು. ಅಂಗಡಿಯೋನು "ಒಂದೇ ಕೈಗೆ ಡಜನ್ನಾ ಅಮ್ಮಾ" ಅಂದ. ಅವ್ವ ಸ್ಲೀವ್ ಮೇಲೇ ಲೋಹದ ಬಳೆ ಏರ್ಸಿ ನೋಡ್ಕೊಂಡು "ಈ ಕೈ ಬಸಿಗಾಲುವೆ ಕೆಟ್ಟೋಗದೆ ಕನಪ್ಪ, ನೀನ್ ರೇಟ್ ಹೇಳು" ಅಂದ್ಲು.